ಮೂರನೇ ಪ್ರಕಟಣೆ

ಕಲ್ಲುಗುಡ್ಡೆ
14 ಮೇ 2025

ಧರ್ಮೇಶ,

ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ನನ್ನ ಮಗಳ ಬಗ್ಗೆ ಈಚೆಗೆ ಆಡಿದ ಮಾತುಗಳೆಲ್ಲ ಫೋನಿನಲ್ಲೇ ಆಡಿದವು, ಒಂದಕ್ಕೂ ಸಹಿ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೆಳಗೆ ನನ್ನ ಹೆಸರಿದೆ, ಬೇಕಾದವರಿಗೆ ತೋರಿಸು.

ಏಪ್ರಿಲ್ ಇಪ್ಪತ್ತೇಳರ ಭಾನುವಾರ ಚರ್ಚಿನಲ್ಲಿ ನಮ್ಮ ಸಭಾಪಾಲಕರು ಮೋನಿಕಾ ಮತ್ತು ಮೂಡಿಗೆರೆಯ ರವಿಯ ಮದುವೆಯ ಪ್ರಕಟಣೆಯನ್ನು ಮೊದಲ ಸಲ ಓದಿದರು. ಅಡ್ಡಿ ಏನಾದರೂ ಗೊತ್ತಿರುವವರು ಈಗಲೇ ಎದ್ದು ಹೇಳಬೇಕು ಎಂದು ಕೇಳಿದರು. ಯಾರೂ ಏಳಲಿಲ್ಲ. ಮುಂದಿನ ಭಾನುವಾರ ಎರಡನೇ ಸಲ ಕೇಳಿದರು, ಆಗಲೂ ಯಾರೂ ಏಳಲಿಲ್ಲ. ನೀನು ಎರಡೂ ಸಲ ನನ್ನ ಮುಂದಿನ ಬೆಂಚಿನಲ್ಲೇ ಇದ್ದೆ. ನಿನ್ನ ಕುತ್ತಿಗೆ ನೋಡುತ್ತಲೇ ನಾನು ಪ್ರಾರ್ಥನೆ ಮಾಡಿದ್ದು.

ಮೊನ್ನೆ ಹನ್ನೊಂದರ ಭಾನುವಾರ ಮೂರನೆಯ, ಕೊನೆಯ ಸಲ ಓದಬೇಕಿತ್ತು. ಓದಲಿಲ್ಲ. ರವಿಯ ಚಿಕ್ಕಮ್ಮ ಹಿಂದಿನ ದಿನ ಸಭಾಪಾಲಕರಿಗೆ ಫೋನ್ ಮಾಡಿ "ಸ್ವಲ್ಪ ತಡೀರಿ" ಅಂದರಂತೆ. ಯಾಕೆ ಎಂದು ಅವರು ಹೇಳಲಿಲ್ಲ, ಸಭಾಪಾಲಕರೂ ಕೇಳಲಿಲ್ಲ. ಮದುವೆ ಇಪ್ಪತ್ತೆರಡರ ಗುರುವಾರ. ಅಂದರೆ ಇತ್ತು.

ಯಾಕೆ ಎನ್ನುವುದು ನನಗೆ ಗೊತ್ತು, ನಿನಗೂ ಗೊತ್ತು. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಮೋನಿಕಾ ರಜೆ ಹಾಕಿ ಚಿಕ್ಕಮಗಳೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಇದ್ದಳು. ಮಳೆ ನಿಂತ ಮೇಲೆ ಬಂದಳು, ಬರುವಾಗ ಇಳಿದುಹೋಗಿದ್ದಳು. ನಮ್ಮ ಸಭೆಯ ಹೆಂಗಸರು ಅದಕ್ಕೆ ಒಂದು ಮಗುವನ್ನು ಹುಟ್ಟಿಸಿದ್ದಾರೆ. ಆ ಮಗುವನ್ನು ಯಾವ ಆಶ್ರಮಕ್ಕೆ ಕೊಟ್ಟಳು ಎಂಬುದೂ ಅವರಿಗೆ ಗೊತ್ತಂತೆ.

ಅವಳು ಅಲ್ಲಿ ಯಾರ ಜೊತೆ ಇದ್ದಳು ಎನ್ನುವುದು ನಿನಗೆ ಗೊತ್ತು. ಆ ಕೋಣೆಗೆ ಅಕ್ಕಿ ಹೊತ್ತುಕೊಂಡು ಹೋದವನೇ ನೀನು. ನನ್ನ ಜಗಲಿಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, ಇದು ನಮ್ಮ ನಮ್ಮಲ್ಲೇ ಇರಲಿ ಬಾಲಣ್ಣ ಅಂದೆ. ಅಪ್ಪ, ಮಗಳು ಇಬ್ಬರೂ ಮಾತು ಕೊಟ್ಟೆವು. ಇವತ್ತಿಗೂ ಮುರಿದಿಲ್ಲ, ಈ ಕಾಗದದಲ್ಲೂ ಮುರಿಯುತ್ತಿಲ್ಲ.

ಎಸ್ಟೇಟಿನಲ್ಲಿ ಬೆಳಿಗ್ಗೆ ಹಾಜರಿಗೆ ಆಳುಗಳನ್ನು ಹೆಸರು ಹಿಡಿದು ಕೂಗುವ ರೈಟರ್ ನೀನು. ನಿನ್ನ ದನಿ ಕಾಫಿಹಣ್ಣು ಸುಲಿಯುವ ಪಲ್ಪಿಂಗ್ ಶೆಡ್ಡಿನವರೆಗೆ ಕೇಳುತ್ತದೆ. ಚರ್ಚಿನಲ್ಲಿ ಅದು ಎಲ್ಲಿ ಹೋಯಿತು?

ಉತ್ತರ ಬರೆ. ಸಹಿ ಹಾಕು.

ಬಾಲರಾಜ್

*

ಕಳಸ
29 ಮೇ 2025

ಕರ್ತನಲ್ಲಿ ಪ್ರಿಯ ಸಹೋದರ ಬಾಲರಾಜ್ ಅವರಿಗೆ ವಂದನೆಗಳು.

ತಮ್ಮ ಪತ್ರ ತಲುಪಿತು. ಓದಿ ಮನಸ್ಸಿಗೆ ಬಹಳ ನೋವಾಯಿತು. ಮೋನಿಕಾಳ ವಿಷಯದಲ್ಲಿ ಆದದ್ದಕ್ಕೆ ನಮ್ಮ ಕುಟುಂಬವೂ ದುಃಖಿಸುತ್ತಿದೆ. ದಿನಾ ಪ್ರಾರ್ಥನೆಯಲ್ಲಿ ನೆನೆಯುತ್ತಿದ್ದೇವೆ.

ತಾವು ತಿಳಿದವರು. ಜನರ ಬಾಯಿಗೆ ಬೀಗ ಹಾಕಲು ನಮ್ಮಿಂದ ಆಗುವುದಿಲ್ಲ. ಸ್ವಲ್ಪ ಕಾಲ ಸುಮ್ಮನಿದ್ದರೆ ತಾನಾಗಿ ತಣ್ಣಗಾಗುತ್ತದೆ. ಮೋನಿಕಾಗೆ ಕೆಲಸವಿದೆ, ಧೈರ್ಯವಿದೆ. ಎಲ್ಲರಿಗೂ ಅಷ್ಟು ಧೈರ್ಯ ಇರುವುದಿಲ್ಲ ಎಂಬುದು ತಮಗೇ ಗೊತ್ತು. ನಮ್ಮ ಮನೆಗೂ ಒಂದು ಕಡೆಯಿಂದ ಹೆಣ್ಣು ಕೇಳಿಕೊಂಡು ಬಂದಿದ್ದಾರೆ. ಒಳ್ಳೆಯ ಜನ. ಆಷಾಢ ತಿಂಗಳು ಕಳೆದ ಮೇಲೆ ಮಾತಿಗೆ ಬರುತ್ತೇವೆ ಅಂದಿದ್ದಾರೆ.

ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುವುದಿಲ್ಲ.

ತಮ್ಮ ಸಹೋದರ,
ಧರ್ಮೇಶ್

*

ಕಲ್ಲುಗುಡ್ಡೆ
3 ಜೂನ್ 2025

ಧರ್ಮೇಶ,

ನಲವತ್ತು ವರ್ಷ ನನ್ನನ್ನು "ನೀನು" ಅಂದವನು ಈಗ "ತಾವು" ಅನ್ನುತ್ತಿದ್ದೀಯ. ಅದೊಂದೇ ಸಾಕಿತ್ತು, ಉಳಿದದ್ದು ಬರೆಯದಿದ್ದರೂ ನಡೆಯುತ್ತಿತ್ತು.

ತಿಮ್ಮಮ್ಮನ ನೆನಪಿದೆಯಾ? ಚರ್ಚಿನ ಗಂಟೆ ಬಾರಿಸುತ್ತಿದ್ದ ಮುದುಕಿ. ಗಂಡ ಸತ್ತ ವರ್ಷ ಅವಳ ಹಿತ್ತಲಿನಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಸಿಕ್ಕಿತು ಎಂದು ಯಾರೋ ಹೇಳಿದರು. ಅವಳು ಮಾಟ ಮಾಡಿಸುತ್ತಾಳೆ ಎಂದಾಯಿತು. ಒಂದು ಭಾನುವಾರ ಗಂಟೆಯ ಹಗ್ಗ ಬೇರೆಯವರ ಕೈಗೆ ಹೋಯಿತು. ಯಾಕೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳು ಮಲ್ಲಂದೂರಿನ ತಂಗಿಯ ಮನೆಗೆ ಹೋಗಿ ಅಲ್ಲೇ ಸತ್ತಳು. ಮಣ್ಣು ಕೊಡಲು ಹೋದ ನಮ್ಮ ಸಭೆಯವರು ಅವಳ ನಂಬಿಕೆಯ ಬಗ್ಗೆ ಚೆನ್ನಾಗಿ ಮಾತಾಡಿದರು. ವಾಪಸ್ ಬರುವಾಗ ಜೀಪಿನ ಹಿಂದೆ ನೇತಾಡಿಕೊಂಡು ನೀನು ನನಗೆ ಏನಂದೆ? "ಬಾಲಣ್ಣ, ಇನ್ಮೇಲೆ ಯಾರ ಬಗ್ಗೆ ಏನೇ ಕೇಳಿದ್ರೂ ಮೊದ್ಲು ಅವ್ರ ಮನೆಗೆ ಹೋಗಿ ಅವ್ರನ್ನೇ ಕೇಳೋಣ ಮಾರಾಯ" ಅಂದೆ. ಆಗ ನಮಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಮಾತು ಮಾತ್ರ ಚೆನ್ನಾಗಿ ಬರುತ್ತಿತ್ತು.

ಈಗ ಇದು ಎಲ್ಲಿ ಶುರುವಾಯಿತು ಎಂದು ಹೇಳುತ್ತೇನೆ ಕೇಳು. ನೀನು ಹೇಳಿದ್ದನ್ನು ನಾನು ಇವತ್ತು ಮಾಡುತ್ತಿದ್ದೇನೆ. ಮನೆಮನೆಗೆ ಹೋಗಿ ಕೇಳಿದೆ. ಸಭೆಯ ಕಾರ್ಯದರ್ಶಿ ವೀರೇಂದ್ರನ ಹೆಂಡತಿ ಕಾಫಿ ಕೊಟ್ಟು ಹೇಳಿದಳು: "ಅಯ್ಯೋ, ನಾವೇನು ಕೆಟ್ಟದ್ದು ಹೇಳಿದ್ವಾ ಮೇಷ್ಟ್ರೇ? ಪ್ರಾರ್ಥನೆ ಮಾಡಿ ಅಂದ್ವಿ, ಅಷ್ಟೆ." ನಿಮಗೆ ಯಾರು ಹೇಳಿದರು ಎಂದೆ. ಇನ್ನೊಬ್ಬಳ ಹೆಸರು ಹೇಳಿದಳು. ಅಲ್ಲಿಗೆ ಹೋದೆ. ಹೀಗೆ ಹೋಗುತ್ತಾ ಹೋಗುತ್ತಾ ನಿಮ್ಮ ಮನೆಯ ಬಾಗಿಲಿಗೆ ಬಂದೆ, ನೀನು ಎಸ್ಟೇಟಿನಲ್ಲಿದ್ದೆ. ರೇವತಿ ನನಗೆ ಮಣೆ ಹಾಕಲಿಲ್ಲ.

ಈಸ್ಟರಿಗೆ ಮುಂಚಿನ ಲೆಂಟಿನ ಒಂದು ಶುಕ್ರವಾರ, ಹೆಂಗಸರ ಉಪವಾಸ ಪ್ರಾರ್ಥನೆಯಲ್ಲಿ, ನಿನ್ನ ಹೆಂಡತಿಯನ್ನು ಯಾರೋ ಕೇಳಿದರಂತೆ: ಆ ವರ್ಷ ನಿಮ್ಮ ರಂಜಿತಾ, ಮೋನಿಕಾ ಇಬ್ಬರೂ ಒಟ್ಟಿಗೇ ಕಾಣದೇ ಹೋಗಿದ್ದರಲ್ಲ, ಯಾಕೆ? ರಂಜಿತಾ ಮೈಸೂರಿನಲ್ಲಿ ಕೋರ್ಸ್ ಮಾಡುತ್ತಿದ್ದಳು ಅಂದಳು ರೇವತಿ. ಮೋನಿಕಾ? ರೇವತಿ ಕಣ್ಣು ಮುಚ್ಚಿಕೊಂಡು, "ಮೋನಿಕಾಗೋಸ್ಕರ ಪ್ರಾರ್ಥನೆ ಮಾಡಿ" ಅಂದಳು.

ಅಷ್ಟೇ ಅಂದದ್ದು. ಸುಳ್ಳು ಎನ್ನುವ ಹಾಗಿಲ್ಲ. ಪ್ರಾರ್ಥನೆಯ ಬೇಡಿಕೆ ಬಂದ ಮೇಲೆ ನಮ್ಮಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ, ಕೇಳಿದರೆ ಚಾಡಿ ಆಗುತ್ತದಲ್ಲ! ಪ್ರತಿಯೊಬ್ಬಳೂ ಮನೆಗೆ ಹೋಗುವ ದಾರಿಯಲ್ಲಿ ಕಾರಣವನ್ನು ತಾನೇ ಮಾಡಿಕೊಂಡಳು. ಬೇರೆ ಊರಿನವರು ಬೈದು ಒಬ್ಬಳ ಮರ್ಯಾದೆ ತೆಗೆಯುತ್ತಾರೆ. ನಾವು ಮೊಣಕಾಲೂರಿ ತೆಗೆಯುತ್ತೇವೆ.

ರೇವತಿಗೆ ಮಗಳನ್ನು ಉಳಿಸಿಕೊಳ್ಳಬೇಕಿತ್ತು. ಅರ್ಥವಾಗುತ್ತದೆ. ಅದಕ್ಕೆ ನನ್ನ ಮಗಳನ್ನು ಅಡ್ಡ ಹಿಡಿದಳು. ನೀನು ಮನೆಯಲ್ಲಿ ಅದನ್ನು ಕೇಳಿಸಿಕೊಂಡು ಊಟ ಮುಗಿಸಿದೆ.

ಸಭಾಪಾಲಕರಿಗೆ ಹೇಳಿದ್ದೇನೆ. ಗಂಡಿನ ಕಡೆಯವರು ಮದುವೆ ಬೇಡ ಎಂದು ಇವತ್ತಿನವರೆಗೆ ಬರೆದು ಕೊಟ್ಟಿಲ್ಲ. ಹಾಗಾಗಿ ಮೂರನೇ ಪ್ರಕಟಣೆ ಇನ್ನೂ ಬಾಕಿ ಇದೆ, ಓದಲೇಬೇಕು ಎಂದಿದ್ದೇನೆ. ಅವರು ರವಿಯ ಮನೆಗೆ ಫೋನ್ ಮಾಡಿ ಕೇಳಿದರಂತೆ. "ನಿಮ್ಮಿಷ್ಟ" ಎಂದು ಉತ್ತರ ಬಂತಂತೆ. ನಮ್ಮಿಷ್ಟ ಅಂದರೆ ಓದುವುದೇ. ಆ ದಿನ ಎದ್ದು ಹೇಳು. ಯಾರ ಕಾಯಿಲೆಯ ಹೆಸರನ್ನೂ ಹೇಳಬೇಕಾಗಿಲ್ಲ. "ಆ ಹುಡುಗಿ ನನ್ನ ಮನೆಯ ಕೆಲಸಕ್ಕೆ ಹೋಗಿದ್ದಳು, ನನಗೆ ಗೊತ್ತು" ಅಷ್ಟು ಹೇಳಿದರೆ ಸಾಕು.

ಬಾಲರಾಜ್

*

ಶಿವಮೊಗ್ಗ
11 ಜೂನ್ 2025

ಪ್ರೀತಿಯ ಅಪ್ಪ,

ಇಲ್ಲಿ ಹಾಸ್ಟೆಲ್ ಪರವಾಗಿಲ್ಲ. ಸಾರು ಮಾತ್ರ ನೀರು. ಹೊಸದಾಗಿ ಕೆಲಸಕ್ಕೆ ಸೇರಿದ ಈ ಆಸ್ಪತ್ರೆಯಲ್ಲಿ ಯಾರೂ ನನ್ನ ಊರು ಕೇಳಿ ಸುಮ್ಮನಾಗುವುದಿಲ್ಲ. ಅದೇ ದೊಡ್ಡ ಸಮಾಧಾನ.

ನೀವು ಮನೆಮನೆ ಸುತ್ತಿದ್ದು ಗೊತ್ತಾಯಿತು. ಮಂಡಿ ನೋವು ಇಟ್ಟುಕೊಂಡು ಆ ಏರು ಹತ್ತಿದಿರಾ? ಬೈಯುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಮೂರನೆಯದನ್ನು ಓದಿಸಿ. ಮದುವೆಗಾಗಿ ಅಲ್ಲ. ಬೆನ್ನ ಹಿಂದೆ ಎಲ್ಲರೂ ಮಾತಾಡಿ ಆಯಿತು, ಒಂದು ಸಲ ಎದುರಿಗೆ ಕೇಳಲಿ. ಆದರೆ ಒಂದು ಮಾತು ಅಪ್ಪ. ರಂಜಿತಾಳ ಹೆಸರು ನಿಮ್ಮ ಬಾಯಿಂದ ಬರಬಾರದು. ಧರ್ಮೇಶ್ ಅಂಕಲ್ ಎದ್ದರೂ ಸರಿ, ಏಳದಿದ್ದರೂ ಸರಿ.

ನೀವು ಆ ಕೋಣೆಯಲ್ಲಿ ಇರಲಿಲ್ಲ. ಗೋಡೆಯ ಆ ಕಡೆ ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಅವಳು ಕಿವಿ ಇಟ್ಟುಕೊಂಡು ಕೂರುತ್ತಿದ್ದಳು. ಆ ಕಡೆ ಯಾರೂ ಇರಲಿಲ್ಲ, ಮಳೆನೀರಿನ ಪೈಪ್ ಇತ್ತು. ಇಲ್ಲ ಕಣೇ, ಯಾರೂ ಮಾತಾಡ್ತಿಲ್ಲ ಅಂತ ಎಷ್ಟು ಸಲ ಹೇಳಿದೆನೋ. ಔಷಧಿ ಹಿಡಿದ ಮೇಲೆ ಒಂದು ದಿನ ಅವಳೇ, "ಹೌದಲ್ಲ, ಪೈಪು" ಅಂದು ನಕ್ಕಳು. ಈಗ ನಿಜವಾಗಿಯೂ ಊರೆಲ್ಲ ಅವಳ ಬಗ್ಗೆ ಮಾತಾಡುವ ಹಾಗೆ ನಾವೇ ಮಾಡಿದರೆ, ಆಗ ನಾನು ಹೇಳಿದ್ದು ಸುಳ್ಳಾಗುತ್ತದೆ.

ಮಾತ್ರೆ ಊಟದ ಮೇಲೆ ತಗೊಳ್ಳಿ, ಮೊದಲಲ್ಲ.

ನಿಮ್ಮ
ಮೋನಿ

*

ಕಳಸ
24 ಜೂನ್ 2025

ಬಾಲಣ್ಣ ದೊಡ್ಡಪ್ಪನಿಗೆ,

ನಿಮ್ಮ ಎರಡನೇ ಕಾಗದ ಬಂದಾಗಿಂದ ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಅಪ್ಪ ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ. ನಾನು ಅದನ್ನು ಕದ್ದು ಓದಲಿಲ್ಲ. ಅಮ್ಮನನ್ನೇ ಕೇಳಿದೆ.

ಮೋನಿಯಕ್ಕನ ಮದುವೆ ನಿಂತದ್ದು ಗಂಡಿನ ಕಡೆಯವರ ತಕರಾರಿಗೆ ಎಂದು ನನಗೆ ಹೇಳಿದ್ದರು. ಅಡುಗೆಮನೆಯಲ್ಲಿ ಅಮ್ಮ ಕಡುಬಿಗೆ ಹಿಟ್ಟು ಕಲಸುತ್ತಿದ್ದಳು. "ಅಮ್ಮಾ, ಮೋನಿಯಕ್ಕನ ಬಗ್ಗೆ ನೀನು ಏನಂದೆ?" ಅಂದೆ. "ಏನೂ ಅಂದಿಲ್ಲ." "ಏನೂ ಅನ್ನದೇ ಇದ್ರೆ ದೊಡ್ಡಪ್ಪ ಯಾಕೆ ಈ ಮನೆಗೆ ಬಂದು ನಿಂತ್ಕೊಂಡೇ ಹೋದ್ರು?" ಅಮ್ಮ ಹಿಟ್ಟು ಬಿಡಲಿಲ್ಲ. "ನಿಂಗೋಸ್ಕರ ಅಂದೆ ಕಣೇ, ನಿಂಗೋಸ್ಕರ. ನಿಂಗೆ ತಲೆ ಸರಿ ಇರ್ಲಿಲ್ಲ ಅಂತ ಗೊತ್ತಾದ್ರೆ ಯಾರು ತಗೊಂಡು ಹೋಗ್ತಾರೆ?" ಅಂದಳು. ಆಮೇಲೆ ಎಲ್ಲ ಹೇಳಿದಳು. ಅತ್ತಳು. ನಾನು ಅಳಲಿಲ್ಲ. ಆ ಹಿಟ್ಟಿನಲ್ಲಿ ಮಾಡಿದ ಕಡುಬನ್ನು ಯಾರೂ ತಿನ್ನಲಿಲ್ಲ.

ನನಗೆ ಕಾಯಿಲೆ ಆಗಿತ್ತು ದೊಡ್ಡಪ್ಪ. ಇನ್ನೂ ಮಾತ್ರೆ ನುಂಗುತ್ತೇನೆ. ನನ್ನ ಗುಟ್ಟನ್ನು ನನ್ನನ್ನೇ ಕೇಳದೆ ಕಾಯ್ದರು. ಅದರ ಬೆಲೆಯನ್ನು ಮೋನಿಯಕ್ಕ ಕೊಟ್ಟಳು. ನನ್ನನ್ನು ಯಾರಾದರೂ ಒಂದು ಮಾತು ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ.

ಮೂರನೆಯದು ಯಾವ ಭಾನುವಾರ ಓದಿಸುತ್ತೀರಿ? ಆ ದಿನ ನಾನು ಬರುತ್ತೇನೆ. ಅಪ್ಪ ಅಮ್ಮನಿಗೆ ಇದನ್ನು ಹೇಳಿಯೇ ಬರೆಯುತ್ತಿದ್ದೇನೆ.

ನಿಮ್ಮ ಮಗಳು,
ರಂಜಿತಾ

*

ಕಲ್ಲುಗುಡ್ಡೆ
7 ಜುಲೈ 2025

ಮೋನಿ,

ನಿನ್ನೆ ಓದಿದರು. ನಿನಗೆ ಕೊಟ್ಟ ಮಾತು ನಾನು ಮುರಿಯಲಿಲ್ಲ. ಅದನ್ನು ಮೊದಲು ತಿಳಿದುಕೊಂಡು ಮುಂದೆ ಓದು.

ಪ್ರಸಂಗಕ್ಕೆ ಮುಂಚೆ ಸಭಾಪಾಲಕರು ಎದ್ದು ನಿಂತು, ನಿನ್ನ ಹೆಸರು, ರವಿಯ ಹೆಸರು ಓದಿ, ಇದು ಮೂರನೆಯ ಮತ್ತು ಕೊನೆಯ ಸಲ ಅಂದರು. ಅಡ್ಡಿ ಗೊತ್ತಿರುವವರು ಹೇಳಿ ಎನ್ನುವಾಗ ಅವರ ದನಿ ಕೆಳಗೆ ಹೋಯಿತು, ಯಾರಿಗೂ ಕೇಳಿಸದಿದ್ದರೆ ಒಳ್ಳೆಯದು ಎನ್ನುವ ಹಾಗೆ. ತಲೆ ಎತ್ತದೇ ಹಾಳೆ ತಿರುವುವುದಕ್ಕೆ ಹೋದರು.

ಹೆಂಗಸರ ಕಡೆ ರಂಜಿತಾ ಎದ್ದಳು. ರೇವತಿ ಅವಳ ದುಪಟ್ಟಾದ ತುದಿ ಹಿಡಿದು ಎಳೆದಳು. ಅದು ಹೆಗಲಿನಿಂದ ಜಾರಿ ಅಮ್ಮನ ಕೈಯಲ್ಲೇ ಉಳಿಯಿತು. ಇವಳು ಕೂರಲಿಲ್ಲ.

"ಅಡ್ಡಿ ಇಲ್ಲ ಅಂತ ಹೇಳೋಕೆ ಎದ್ದೆ" ಅಂದಳು.

ವೀರೇಂದ್ರ ಮುಂದಿನಿಂದ ಕೈ ಬೀಸಿ, "ಕೂತ್ಕೊ ಮಗಾ, ಇದು ಅಂಥ ಜಾಗ ಅಲ್ಲ" ಅಂದ.

"ಇದೇ ಜಾಗ ಅಲ್ವಾ ಅಂಕಲ್? ಗೊತ್ತಿದ್ದೋರು ಹೇಳಿ ಅಂತ ಅಯ್ನೋರೇ ಈಗ ಕೇಳಿದ್ರಲ್ಲ. ನಂಗೆ ಗೊತ್ತು, ಹೇಳ್ತೀನಿ. ಎರಡು ವರ್ಷದ ಹಿಂದೆ ಮನಸ್ಸಿನ ಕಾಯಿಲೆ ಬಂದಿದ್ದು ನಂಗೆ. ಮೈಸೂರು ಸುಳ್ಳು. ಚಿಕ್ಕಮಗಳೂರಲ್ಲಿ ಆಸ್ಪತ್ರೆ ಹತ್ರ ನಂಗೆ ತಿನ್ನಿಸಿ, ಸ್ನಾನ ಮಾಡಿಸಿ, ಮಳೆಗಾಲ ಪೂರ್ತಿ ನನ್ನ ಜೊತೆ ಇದ್ದಿದ್ದು ಮೋನಿಯಕ್ಕ. ಅಲ್ಲಿ ಮಗು ಅಂತ ಇದ್ದಿದ್ರೆ ಅದು ನಾನೇ."

ನನ್ನ ಮುಂದಿನ ಬೆಂಚಿನಲ್ಲಿ ಧರ್ಮೇಶನ ಕುತ್ತಿಗೆ ಕೆಂಪಾಯಿತು. ಅವನು ಎದ್ದ. ಎದ್ದದ್ದು ಮಗಳನ್ನು ಕೂರಿಸಲಿಕ್ಕೋ ಏನೋ ಅಂದುಕೊಂಡೆ. "ನನ್ ಮಗ್ಳು ಹೇಳಿದ್ದು ನಿಜ. ನಾನು ಹೇಳ್ಬೇಕಿತ್ತು" ಅಂದ. ಹಾಜರಿ ಕೂಗುವ ದನಿ ಅಲ್ಲ, ಆದರೆ ಕೇಳಿಸಿತು. ರೇವತಿ ಏಳಲಿಲ್ಲ. ದುಪಟ್ಟಾವನ್ನು ಮಡಿಸುತ್ತಾ, ಬಿಡಿಸುತ್ತಾ, ಮತ್ತೆ ಮಡಿಸುತ್ತಾ ಕೂತಿದ್ದಳು. ಅವಳ ಮೇಲೆ ನನಗಿದ್ದ ಸಿಟ್ಟು ಇನ್ನೂ ಇದೆ. ಆದರೂ ಆ ಕೈಗಳನ್ನು ನೋಡಲಾಗಲಿಲ್ಲ.

ಇನ್ನು ಹೊರಗೆ ಆದದ್ದು ಕೇಳು. ಆರಾಧನೆ ಮುಗಿದು ಜನ ಛತ್ರಿ ಬಿಚ್ಚುತ್ತಿದ್ದರು. ವೀರೇಂದ್ರನ ಹೆಂಡತಿ ರಂಜಿತಾಳ ಕೈ ಹಿಡಿದು, "ಪಾಪ, ಇನ್ಮೇಲೆ ನಿಂಗೋಸ್ಕರ ನಾವೆಲ್ಲ ಪ್ರಾರ್ಥನೆ ಮಾಡ್ತೀವಿ ಪುಟ್ಟಿ" ಅಂದಳು. ನೋಡು, ಐದು ನಿಮಿಷವೂ ಆಗಿರಲಿಲ್ಲ! ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಹೇಳಿದಳು: "ಮಾಡಿ ಆಂಟಿ. ಹೆಸರು ಹಿಡಿದು, ನನ್ನ ಎದುರಿಗೇ ಮಾಡಿ. ಏನು ಬೇಕು ಅಂತ ನಾನೇ ಹೇಳ್ತೀನಿ. ಈ ಮಾತ್ರೆ ತಿಂದ್ರೆ ಬೆಳಿಗ್ಗೆ ಏಳೋಕೇ ಆಗಲ್ಲ, ಅದಕ್ಕೆ ಮಾಡಿ. ಬೇರೆ ಏನಾದ್ರೂ ಗೊತ್ತಾಗ್ಬೇಕಾದ್ರೆ ಮನೆಗೆ ಬನ್ನಿ, ಕಾಫಿ ಕೊಡ್ತೀನಿ." ಆ ಹೆಂಗಸು ಹಿಡಿದ ಕೈ ಬಿಡಲಾರದೆ, ಇಟ್ಟುಕೊಳ್ಳಲಾರದೆ ನಿಂತಳು. ಇಷ್ಟು ವರ್ಷ ಪಾಠ ಹೇಳಿದೆ ನಾನು. ಇಂಥದ್ದನ್ನು ಯಾರಿಗೂ ಕಲಿಸಿರಲಿಲ್ಲ.

ರಂಜಿತಾಳನ್ನು ಕೇಳಿಕೊಂಡು ಬಂದಿದ್ದ ಗಂಡಿನ ಕಡೆಯವರ ಒಬ್ಬ ನೆಂಟ ಸಭೆಯಲ್ಲೇ ಇದ್ದ. ಮುಖ ತಿರುಗಿಸಿಕೊಂಡು ಬಸ್ ಹತ್ತಿದ. ರಂಜಿತಾ ಅದನ್ನೂ ನೋಡಿದಳು.

ಸಂಜೆ ಧರ್ಮೇಶ ನಮ್ಮ ಗೇಟಿನವರೆಗೆ ಬಂದ. ನಾನು ಒಳಗೆ ಕರೆಯಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಗೇಟಿನ ಎರಡು ಬದಿಯಲ್ಲಿ ನಿಂತೆವು. "ಬೈಯಿ ಬಾಲಣ್ಣ" ಅಂದ. "ಬೈಯೋದೆಲ್ಲ ಬರೆದಾಯ್ತಲ್ಲ ಮಾರಾಯ" ಅಂದೆ. ಜೇಬಿನಿಂದ ನನ್ನ ಕಾಗದ ತೆಗೆದು ತೋರಿಸಿದ. ಮಡಿಕೆಗಳಲ್ಲಿ ಹರಿದಿತ್ತು. ಮಳೆ ಜೋರಾದ ಮೇಲೆ ಹೊರಟ. ಮುಂದಿನ ಭಾನುವಾರ ಅವನು ಎಲ್ಲಿ ಕೂರುತ್ತಾನೋ ಗೊತ್ತಿಲ್ಲ.

ರವಿಯ ಚಿಕ್ಕಮ್ಮ ಇವತ್ತು ಬೆಳಿಗ್ಗೆಯೇ ಫೋನ್ ಮಾಡಿದರು. ಎಲ್ಲ ಸರಿಯಾಯಿತಲ್ಲ, ಸೆಪ್ಟೆಂಬರಿಗೆ ಇಟ್ಟುಕೊಳ್ಳೋಣವೇ ಎಂದು ಕೇಳಿದರು. ಅವನು ನಿನಗೆ ಬರೆಯುತ್ತಾನಂತೆ. ಅವಳನ್ನೇ ಕೇಳಿ ಅಂದೆ. ಉತ್ತರ ನಿನ್ನದು.

ಅಪ್ಪ

*

ಶಿವಮೊಗ್ಗ
20 ಜುಲೈ 2025

ರವಿಯವರಿಗೆ,

ನಿಮ್ಮ ಕಾಗದ ಬಂತು. ಅಕ್ಷರ ಚೆನ್ನಾಗಿದೆ. ನೀವು ನನಗೆ ಬರೆದ ಮೊದಲ ಕಾಗದ ಇದು.

ವಿಷಯ ತಿಳಿಯಾಗಿದ್ದರಿಂದ ಈಗ ಯಾರಿಗೂ ತಕರಾರಿಲ್ಲ, ಮನೆಯವರೆಲ್ಲ ಒಪ್ಪಿದ್ದಾರೆ ಎಂದು ಬರೆದಿದ್ದೀರಿ. ಸಂತೋಷ. ನಿಮಗೆ ಮೊದಲು ಏನು ತಕರಾರಿತ್ತು ಎಂದು ಇದರಲ್ಲೂ ಬರೆದಿಲ್ಲ. ನಾನೇ ಊಹಿಸಿಕೊಳ್ಳಲಿ ಎಂದೇ?

ನೀವು ಪಾರ್ಚ್‌ಮೆಂಟ್ ಕಾಫಿ ಕೊಳ್ಳುವ ಅಂಗಡಿಯಿಂದ ನಾನು ಕೆಲಸ ಮಾಡುತ್ತಿದ್ದ ಕ್ಲಿನಿಕ್ ಕಾಣುತ್ತದೆ. ಮದುವೆ ಗೊತ್ತಾದ ಮೇಲೆ ದಿನಾ ಅಲ್ಲಿಂದ ಕೈ ಎತ್ತುತ್ತಿದ್ದಿರಿ. ಮೇ ತಿಂಗಳಲ್ಲಿ ಒಂದು ದಿನ ಎತ್ತಲಿಲ್ಲ. ಗಿರಾಕಿಗಳಿರಬೇಕು ಅಂದುಕೊಂಡೆ. ಮರುದಿನವೂ ಎತ್ತಲಿಲ್ಲ. ನಾನು ಕಿಟಕಿಯ ಹತ್ತಿರ ನಿಂತೇ ಇದ್ದೆ. ನೀವು ತಕ್ಕಡಿಯನ್ನೇ ನೋಡುತ್ತಿದ್ದಿರಿ.

ರಸ್ತೆ ದಾಟಿ ಬಂದು ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎಂದು ಇಲ್ಲಿಗೆ ಬಂದ ಮೇಲೆ ತುಂಬ ಯೋಚಿಸಿದೆ. ರಂಜಿತಾಳ ವಿಷಯ ಹೇಳುತ್ತಿರಲಿಲ್ಲ. ಅದು ಅವಳದು, ನನ್ನದಲ್ಲ. "ಎಲ್ಲಿದ್ದೆ, ಯಾಕಿದ್ದೆ ಅಂತ ಹೇಳೋ ಹಾಗಿಲ್ಲ. ನಾನು ತಪ್ಪು ಮಾಡಿಲ್ಲ. ನಂಬ್ತೀರಾ?" ಎಂದು ಕೇಳುತ್ತಿದ್ದೆ. ಆಗ ನೀವು ಒಂದು ಉತ್ತರ ಕೊಡಬೇಕಾಗುತ್ತಿತ್ತು. ಹೌದು ಎಂದೋ, ಇಲ್ಲ ಎಂದೋ. ಇಲ್ಲ ಅಂದಿದ್ದರೂ ನಾನು ಇಷ್ಟು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಈಗ ಊರೆಲ್ಲ ನನ್ನ ಪರವಾಗಿ ಸಾಕ್ಷಿ ಹೇಳಿದ ಮೇಲೆ ನಂಬುತ್ತೀರಿ. ಊರು ನಂಬಿದ್ದನ್ನು ನಂಬುವುದಕ್ಕೆ ಗಂಡನೇ ಯಾಕೆ ಬೇಕು?

ಆ ಕಾಯಿಲೆಯ ಹುಡುಗಿಗೆ ಎಷ್ಟೊಂದು ಜನರ ಎದುರು ಎದ್ದು ನಿಲ್ಲಲು ಆಯಿತು. ನಿಮಗೆ ದಾಟಬೇಕಾಗಿದ್ದು ಒಂದು ರಸ್ತೆ.

ಮೂರು ಸಲ ಓದಿ ಆಯಿತು. ಅಡ್ಡಿ ಇದೆ ಎಂದು ಯಾರೂ ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ.

ಮೋನಿಕಾ ಬಾಲರಾಜ್